ನಮ್ಮ ಅಜ್ಜಿಯ ವಹಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ಕನ್ನಡವನ್ನು ಉಳಿಸಿದವರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಪಂಡಿತರು, ಪತ್ರಕರ್ತರು, ನಾಟಕಕಾರರು ಅನೇಕರಿಗೆ ಈ ಗೌರವ ಸಲ್ಲತಕ್ಕದ್ದು. ಆದರೆ ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಅಂಥವರ ಯೋಗ್ಯತೆಯನ್ನು ತೂಗುವ ಅಧಿಕಾರ ನಮಗಿಲ್ಲ. ನಾವು ಹತ್ತಿರದಿಂದ ಬಲ್ಲವರು ಒಬ್ಬರೇ, ನಮ್ಮ ತಂದೆಯವರ ತಾಯಿ. ಐದು ಮಕ್ಕಳ ತಾಯಿ, ಹನ್ನೊಂದು ಮೊಮ್ಮಕ್ಕಳ ಅಜ್ಜಿಯಾಗಿ ಬಾಳಿ, 2021ರಲ್ಲಿ ಎಂಬತ್ತಮೂರರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಆದ್ದರಿಂದ ಮೊಮ್ಮಕ್ಕಳೆಲ್ಲರ ಪರವಾಗಿ ಅವರ ವಿಷಯವನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಅಜ್ಜಿ ಗದಗಿನ ಪಕ್ಕದ ಬೆಟಗೇರಿಯವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅದಕ್ಕೂ ಮೊದಲೇ, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರ ಹೊತ್ತಿಗೆ ಸತ್ಯವೇದವೆಲ್ಲ ಕನ್ನಡದಲ್ಲಿ ಬಂದಿತ್ತು. ಹೀಗಾಗಿ ಅಜ್ಜಿ ಹುಟ್ಟಿದ ಸಭೆಯಲ್ಲಿ ದೇವರೊಡನೆ ಆಡುವ ಮಾತೆಂದರೆ ಕನ್ನಡ. ಅವರ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯಿತು. ಓದು ಮಾತ್ರ ಸತ್ಯವೇದದಿಂದಲೂ ಗೀತ ಪುಸ್ತಕದಿಂದಲೂ ಕೊನೆಯತನಕ ನಡೆಯಿತು. 1956ರಲ್ಲಿ ಮದುವೆಯಾಗಿ, ಗಿರಣಿಯ ಕೆಲಸದಲ್ಲಿದ್ದ ನಮ್ಮ ಅಜ್ಜನ ಹಿಂದೆ ಲಾಲಬಾಗಿನ ಚಾಳಿನ ಒಂದು ಖೋಲಿಗೆ ಬಂದರು. "ನಾಡು ಒಂದಾದ ವರ್ಷನ ನಾ ನಾಡು ಬಿಟ್ಟು ಬಂದೆ ನೋಡ್ರೆಪ್ಪಾ" ಎಂದು ನಗುತ್ತಿದ್ದರು.

ಆದಿತ್ಯವಾರದ ಕನ್ನಡ ಆರಾಧನೆಯನ್ನು ಅವರು ತಪ್ಪಿಸಿದ್ದನ್ನು ನಾವು ಕಾಣೆವು. ಮಳೆಗಾಲದಲ್ಲಿ ಹಳಿಗಳ ಮೇಲೆ ನೀರು ನಿಂತರೆ ನಡೆದೇ ಹೋಗುತ್ತಿದ್ದರು. ಸಭೆಯ ಬೆಳೆ ಹಬ್ಬದಲ್ಲಿ ಒಬ್ಬೊಬ್ಬರು ತಂದ ಕಾಣಿಕೆಯನ್ನು ಹರಾಜು ಹಾಕುವ ರೂಢಿಯುಂಟು. ಹೊಲವಿಲ್ಲದ ಊರಿನಲ್ಲಿ ಬೆಳೆ ಎಲ್ಲಿಯದು? ಅಜ್ಜಿ ಪ್ರತಿ ವರ್ಷ ಒಂದು ಕೌದಿಯನ್ನು ಒಯ್ಯುತ್ತಿದ್ದರು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರುಪದರಾಗಿ ಹಾಸಿ, ಅಂಚಿನಿಂದ ಸಾಲುಸಾಲಾಗಿ ಹೊಲಿಯುತ್ತ ನಡುವಿಗೆ ಬರುವುದು ಕೌದಿಯ ಕ್ರಮ. ಯಂತ್ರವಿಲ್ಲ, ಕೈಸೂಜಿಯ ಕೆಲಸ. ಬಣ್ಣಕ್ಕೆ ಬಣ್ಣ ಕೂಡಿಸುವುದರಲ್ಲಿ ಅವರ ಕಣ್ಣು ಎಂದೂ ಸೋಲಲಿಲ್ಲ.

ಮೊಮ್ಮಕ್ಕಳಿಗಾಗಿ ಹೊಲಿದ ಕೌದಿ ಬೇರೆಯೇ. ಏಳು ಸಾಲು, ಸಾಲಿಗೆ ಏಳು ತುಂಡು, ಒಟ್ಟು ನಲವತ್ತೊಂಬತ್ತು. ಒಂದೊಂದು ತುಂಡಿನ ಮೇಲೆ ನಮ್ಮ ವರ್ಣಮಾಲೆಯ ಒಂದೊಂದು ಅಕ್ಷರ. ಮರಾಠಿ ಮತ್ತು ಇಂಗ್ಲಿಷ್ ಶಾಲೆಗಳಿಗೆ ಹೋದ ನಾವು ಕನ್ನಡವನ್ನು ಕಲಿತದ್ದು ಅದರ ಮೇಲೆ ಮಲಗಿ. ರಾತ್ರಿ ದೀಪವಾರಿಸುವ ಮುನ್ನ ಬೆರಳಿಟ್ಟು ಒಂದು ಸಾಲು ಓದಬೇಕು, ಓದಿದವರಿಗೆ ಕಥೆ. 'ಳ' ಅಕ್ಷರ ಅಜ್ಜನ ಖಾಕಿ ಅಂಗಿಯದು, 'ಅ' ಅಕ್ಷರ ಅವರ ಮದುವೆಯ ಇಳಕಲ್ ಸೀರೆಯ ಸೆರಗಿನದು.

1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅಜ್ಜನಿಗೆ ಆ ಕೆಲಸ ಮರಳಿ ಸಿಗಲೇ ಇಲ್ಲ. ಅಂದಿನಿಂದ ಏಳು ಜನರ ಹೊಟ್ಟೆ ಅಜ್ಜಿಯ ಸೂಜಿಯ ಮೇಲೆ ಬಿತ್ತು. ಕೌದಿ, ಕುಬಸ, ಕೂಸುಗಳ ಅಂಗಿ, ಬಂದದ್ದೆಲ್ಲ ಹೊಲಿದರು. ಆ ಕಾಲದ ಅವರ ವಹಿ ಈಗ ನಮ್ಮ ಬಳಿ ಇದೆ. ಮುಂದಿನಿಂದ ತೆರೆದರೆ ಕನ್ನಡ ಅಂಕಿಗಳಲ್ಲಿ ಜಮಾ-ಖರ್ಚು. ವೃತ್ತಿಯ ಚಾಳಿಯಿಂದ ನಾವು ಅದನ್ನೆಲ್ಲ ಕೂಡಿ ನೋಡಿದೆವು. ಒಂದು ಪೈಸೆಯ ವ್ಯತ್ಯಾಸವಿಲ್ಲ. ಹದಿನಾಲ್ಕು ಬಾಕಿಗಳ ಎದುರಿಗೆ ಮಾತ್ರ "ಬಿಟ್ಟೇನಿ" ಎಂದು ಬರೆದಿದೆ. ಅವರೆಲ್ಲರೂ ಗಿರಣಿಯವರ ಮನೆಯವರೇ.

ಅದೇ ವಹಿಯನ್ನು ಹಿಂದಿನಿಂದ ತೆರೆದರೆ ಅವರೇ ಕಟ್ಟಿದ ಹಾಡುಗಳು, ಕ್ರಿಸ್‌ಮಸ್ಸಿಗೆ ಮಕ್ಕಳಿಂದ ಆಡಿಸಿದ ನಾಟಕಗಳು. ಅವರ ನಾಟಕದಲ್ಲಿ ಕುರುಬರು ಕಂಬಳಿ ಹೊದ್ದು ಗದಗಿನ ಮಾತಾಡುತ್ತಾರೆ. ದೇವಾಲಯದಲ್ಲಿ ಇಂಥ ಹಳ್ಳಿಯ ಮಾತು ಸಲ್ಲದೆಂದು ಹಿರಿಯರೊಬ್ಬರು ಆಕ್ಷೇಪಿಸಿದರಂತೆ. "ದೇವದೂತ ಬಂದದ್ದು ಕುರಿ ಕಾಯೋರ ಹತ್ರ ಅಲ್ಲೇನ್ರಿ? ಅವರು ಮತ್ತ್ಯಾವ ಮಾತು ಆಡಬೇಕ್ರಿ?" ಎಂದು ಅಜ್ಜಿ ಕೇಳಿದರು. ನಾಟಕ ಇದ್ದಂತೆಯೇ ನಡೆಯಿತು.

ಬಂಧುಗಳೇ, ಈಗ ನಮ್ಮ ಮನೆಯಲ್ಲಿ ಮುಂದಿನ ತಲೆಮಾರಿನ ಎಂಟು ಮಕ್ಕಳಿದ್ದಾರೆ. ಎಲ್ಲರೂ ಕನ್ನಡ ಮಾತಾಡುತ್ತಾರೆ, ಅಜ್ಜಿಯ ಹಾಡನ್ನು ಕೇಳಿ ಹಾಡುತ್ತಾರೆ. ಆ ವಹಿಯನ್ನು ಓದಬಲ್ಲವರು ಅವರಲ್ಲಿ ಒಬ್ಬರೂ ಇಲ್ಲ. ನಮ್ಮ ಕಾಲಕ್ಕೆ ಅದು ಮುಚ್ಚಿಹೋದರೆ ಬಟ್ಟೆಯ ಗಂಟಿನಲ್ಲಿ ಉಳಿದ ರದ್ದಿ ಕಾಗದವಾದೀತು. ನಿಮ್ಮ ಮನೆಯ ಟ್ರಂಕುಗಳಲ್ಲಿಯೂ ಇಂಥ ವಹಿಗಳಿರಬಹುದು. ಹಾಡಿನದಿರಲಿ, ಅಡಿಗೆಯದಿರಲಿ, ಊರಿಗೆ ಬರೆದ ಕಾಗದವಿರಲಿ, ಅವನ್ನು ಓದುವವರು ಬೇಕಷ್ಟೆ.

ಆದ್ದರಿಂದ ನಮ್ಮದೊಂದು ಬಿನ್ನಹ. ಆದಿತ್ಯವಾರ ಮಧ್ಯಾಹ್ನ ಸಂಘದ ಕೋಣೆ ಬರಿದಾಗಿರುತ್ತದೆ. ಒಂದು ಗಂಟೆ ಮಕ್ಕಳಿಗೆ ಅಕ್ಷರ ಕಲಿಸಲು ಅದನ್ನು ಬಿಟ್ಟುಕೊಡಬೇಕು. ಕಲಿಸಲು ನಾವಿಬ್ಬರು ಅಣ್ಣತಮ್ಮಂದಿರು ಸಿದ್ಧರಿದ್ದೇವೆ. ಹಾಸಲು ಅಜ್ಜಿಯ ಕೌದಿ ಇದೆ. ಅಲ್ಲಲ್ಲಿ ಸವೆದಿದೆ, ಆದರೆ ನಲವತ್ತೊಂಬತ್ತು ಅಕ್ಷರಗಳೂ ಇನ್ನೂ ಕಾಣುತ್ತವೆ.