ಮತ್ತೆ ಒಳಹೊಕ್ಕ ವೈದ್ಯ

1864ರ ಏಪ್ರಿಲ್ 29. ನ್ಯೂಜಿಲೆಂಡಿನ ತೌರಂಗಾ ಬಳಿಯ ಗೇಟ್ ಪಾ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಮರದ ಬೇಲಿ ಹಾಕಿ, ಕಂದಕ ತೋಡಿ ಕಟ್ಟಿಕೊಂಡಿದ್ದ ಆ ಕೋಟೆಯೊಳಗೆ ಇದ್ದವರು ಸುಮಾರು 230 ಮಂದಿ. ಹೊರಗೆ 1700ರಷ್ಟು ಬ್ರಿಟಿಷ್ ಸೈನಿಕರು. ಹಗಲಿಡೀ ಫಿರಂಗಿಗಳು ಬೆಂಕಿ ಕಾರಿದವು. ಇನ್ನು ಒಳಗೆ ಯಾರು ಉಳಿದಿದ್ದಾರು ಎಂಬ ಭರವಸೆಯಲ್ಲಿ ಸಂಜೆ ನಾಲ್ಕರ ಸುಮಾರಿಗೆ ಒಂದು ತುಕಡಿ ನುಗ್ಗಿತು. ನೆಲದಡಿ ಕಾದು ಕೂತಿದ್ದ ಮಾವೊರಿಗಳು ಗುಂಡಿನ ಮಳೆಗರೆದರು. ನುಗ್ಗಿದವರು ದಿಕ್ಕಾಪಾಲಾಗಿ ಹೊರಗೋಡಿದರು.

ಆ ತುಕಡಿಯ ಜೊತೆ ಹೋಗಿದ್ದ ಸಹಾಯಕ ಸರ್ಜನ್ ವಿಲಿಯಂ ಮ್ಯಾನ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವರು, ಕ್ರಿಮಿಯಾ ಯುದ್ಧ ಕಂಡವರು. ಸಾವಿನಂಚಿನಲ್ಲಿದ್ದ ನೌಕಾಪಡೆಯ ಕಮಾಂಡರ್ ಹೇ ಅವರನ್ನು ಹೊತ್ತು ತರುವಾಗ ಉಪಚರಿಸಿದರು. ಅಷ್ಟಕ್ಕೇ ನಿಂತಿದ್ದರೂ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಆದರೆ ಇನ್ನೂ ಗಾಯಾಳುಗಳು ಸಿಕ್ಕಾರೇನೋ ಎಂದು, ಎಲ್ಲರೂ ಓಡಿಬಂದ ಜಾಗಕ್ಕೇ ಅವರು ತಾವಾಗಿ ಹಿಂದಿರುಗಿದರು. ಇದಕ್ಕಾಗಿ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಸಂದಿತು. ಮುಂದೆ 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ಕಾದಾಡಿದಾಗ, ಬ್ರಿಟಿಷ್ ಆಂಬುಲೆನ್ಸ್ ತಂಡದೊಡನೆ ಹೋಗಿ ಗುಂಡುಗಳ ನಡುವೆಯೇ ಗಾಯಾಳುಗಳ ಆರೈಕೆ ಮಾಡಿ ಪ್ರಷ್ಯಾದ ಐರನ್ ಕ್ರಾಸ್ ಪಡೆದರು. 1914ರಲ್ಲಿ ಎದುರುಬದುರು ನಿಂತ ಎರಡು ದೇಶಗಳ ಗೌರವ ಒಂದೇ ಎದೆಯ ಮೇಲೆ!

ಆದರೆ ಗೇಟ್ ಪಾ ಕಥೆ ಮ್ಯಾನ್ಲಿಯವರೊಂದಿಗೆ ಮುಗಿಯುವುದಿಲ್ಲ. ಅವರು ಅಲ್ಲಿಂದ ಬಂದ ಮೇಲೂ ಕೆಲವು ಗಾಯಾಳುಗಳು ಕೋಟೆಯೊಳಗೇ ಉಳಿದಿದ್ದರು. ಅವರಲ್ಲೊಬ್ಬ ನೀರು ನೀರು ಎಂದು ನರಳುವುದು ಹೇನಿ ತೆ ಕಿರಿ ಕರಮು ಎಂಬ ಮಾವೊರಿ ಯುವತಿಯ ಕಿವಿಗೆ ಬಿತ್ತು. ಆಕೆಯೂ ಬಂದೂಕು ಹಿಡಿದು ಹೋರಾಡಿದವಳೇ. ಮೊಳೆ ತುಂಬಿಡುವ ತಗಡಿನ ಡಬ್ಬಿಯಲ್ಲಿ ನೀರು ತಂದು, ಆ ಸೈನಿಕನ ತಲೆಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ಕುಡಿಸಿದಳು. ಗಾಯಗೊಂಡು ಬಿದ್ದಿದ್ದ ಬ್ರಿಟಿಷ್ ಅಧಿಕಾರಿ ಕರ್ನಲ್ ಬೂತ್ ಅವರಿಗೂ ಕುಡಿಸಿದಳು. ಗಾಯಗೊಂಡವರನ್ನು ಉಳಿಸಬೇಕೆಂದು ಮಾವೊರಿಗಳು ಮೊದಲೇ ನಿಯಮ ಬರೆದು ಬ್ರಿಟಿಷರಿಗೆ ಕಳಿಸಿದ್ದರು.

ಎರಡು ತಿಂಗಳೊಳಗೆ, ಜೂನ್ 21ರಂದು, ತೆ ರಂಗಾ ಎಂಬಲ್ಲಿ ಕಂದಕ ತೋಡಿ ಮುಗಿಸುವ ಮುನ್ನವೇ ಮಾವೊರಿಗಳ ಮೇಲೆ ಬ್ರಿಟಿಷರು ಬಿದ್ದರು. ನೂರಕ್ಕೂ ಹೆಚ್ಚು ಮಾವೊರಿಗಳು ಸತ್ತರು. ಬಳಿಕ ಅವರ ನೆಲವನ್ನೂ ಸರ್ಕಾರ ಕಿತ್ತುಕೊಂಡಿತು. ಮ್ಯಾನ್ಲಿಯವರ ಕರುಣೆಯಿಂದ ಆ ಅನ್ಯಾಯ ತೊಳೆದುಹೋಗುವುದಿಲ್ಲ. ಆದರೂ ಅವರು ಅಂದು ಹಿಂದಿರುಗಿ ಇಟ್ಟ ಹೆಜ್ಜೆಗಳಿಗೆ ನಾನು ತಲೆಬಾಗುತ್ತೇನೆ. ಅವರ ಹೆಸರು ಹೇಳುವಾಗಲೆಲ್ಲ ಹೇನಿಯ ಹೆಸರನ್ನೂ ಜೊತೆಗೆ ಹೇಳಬೇಕೆನಿಸುತ್ತದೆ. ವಿಕ್ಟೋರಿಯಾ ಕ್ರಾಸ್ ಶತ್ರುಪಾಳಯದವರಿಗೆ ಸಲ್ಲುವಂಥದ್ದಲ್ಲ. ಮ್ಯಾನ್ಲಿ 1901ರಲ್ಲಿ ತೀರಿಕೊಂಡರು. ಹೇನಿ 1933ರವರೆಗೂ ಬದುಕಿದ್ದಳು.