ಹಳದಿ ಕಾಗದದ ಹಿಂದಿನ ಹೆಂಗಸು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಹೆಣ್ಣಿನ ಗುಲಾಮಗಿರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹೊಡೆತ, ಬೈಗುಳ, ಹಸಿವು. ಇವು ಯಾವುವೂ ಇಲ್ಲದ ಮನೆಯಲ್ಲಿ ಗುಲಾಮಗಿರಿ ಹೇಗಿರುತ್ತದೆ? ಅದನ್ನು ತೋರಿಸಿಕೊಟ್ಟ ಅಮೆರಿಕದ ಕತೆಯೊಂದರ ವಿಚಾರ ಇಂದು ಹೇಳಬೇಕೆಂದಿದ್ದೇವೆ.

ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದ 'ಹಳದಿ ಗೋಡೆಕಾಗದ' ಎಂಬ ಆ ಕತೆ 1892ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಮ್ಯಾಗಜೀನ್' ಪತ್ರಿಕೆಯಲ್ಲಿ ಅಚ್ಚಾಯಿತು. ಬಾಣಂತಿಯೊಬ್ಬಳಿಗೆ ಮನಸ್ಸು ಕುಗ್ಗಿದೆ. ಗಂಡ ಜಾನ್ ಡಾಕ್ಟರು, ಪ್ರೀತಿಯವನೇ. ಬೇಸಗೆಗೆಂದು ದೊಡ್ಡ ಬಂಗಲೆ ಬಾಡಿಗೆ ಹಿಡಿದು, ಮಹಡಿಯ ಕೋಣೆಯಲ್ಲಿ ಅವಳನ್ನು ವಿಶ್ರಾಂತಿಗೆ ಇರಿಸುತ್ತಾನೆ. ಕಿಟಕಿಗಳಿಗೆ ಸರಳು, ಮಂಚವನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದೆ. ಬರೆಯಕೂಡದು. ಅವಳು ಕದ್ದು ಬರೆಯುತ್ತಾಳೆ. ನಾವು ಓದುವುದು ಆ ಬರಹವನ್ನೇ. ನೋಡಲು ಇರುವುದು ಗೋಡೆಗೆ ಅಂಟಿಸಿದ ಹಳದಿ ಕಾಗದ. ನೋಡನೋಡುತ್ತ ಅದರ ಚಿತ್ತಾರದ ಹಿಂದೆ ಹೆಂಗಸೊಬ್ಬಳು ಸರಳು ಹಿಡಿದು ಅಲುಗಿಸುವುದು ಕಾಣುತ್ತದೆ. ಕೊನೆಗೆ ಕಾಗದವನ್ನು ಕಿತ್ತೆಸೆದು, ತಾನೇ ಆ ಹೆಂಗಸೆಂದು ನೆಲದ ಮೇಲೆ ತೆವಳುತ್ತಾಳೆ. ಗಂಡ ಮೂರ್ಛೆ ಬೀಳುತ್ತಾನೆ. ಅವನನ್ನೂ ದಾಟಿ ತೆವಳುತ್ತಾಳೆ.

ಇದು ಬರಿಯ ಕಟ್ಟುಕತೆಯಲ್ಲ. 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ವೈದ್ಯ ವೀರ್ ಮಿಚೆಲ್ ಗಿಲ್ಮನ್ನರಿಗೆ ಇಂಥದೇ ಚಿಕಿತ್ಸೆ ಮಾಡಿದ್ದರು: ಹಾಸಿಗೆ, ಹೇರಳ ಊಟ, ಆಮೇಲೆ ಮನೆವಾಸ, ಜೀವವಿರುವ ತನಕ ಲೇಖನಿ ಮುಟ್ಟಬಾರದೆಂಬ ಕಟ್ಟಪ್ಪಣೆ. ಬುದ್ಧಿ ಕೆಡುವ ಅಂಚಿಗೆ ಹೋಗಿ ಆ ಅಪ್ಪಣೆಯನ್ನು ಮುರಿದದ್ದಾಗಿ 1913ರಲ್ಲಿ ಆಕೆಯೇ ಬರೆದರು.

ಜನ ಬಹುಕಾಲ ಇದನ್ನು ಮೈನಡುಗಿಸುವ ಕತೆಯೆಂದೇ ಓದಿದರು. 1973ರಲ್ಲಿ ಫೆಮಿನಿಸ್ಟ್ ಪ್ರೆಸ್ ಎಂಬ ಪ್ರಕಾಶನ ಇದನ್ನು ಪುಸ್ತಕವಾಗಿ ತಂದಾಗ, ಎಲೇನ್ ಹೆಜಸ್ ಓದುವ ಬಗೆಯನ್ನೇ ತಿರುಗಿಸಿದರು: ಹೆಂಗಸಿನ ತಲೆಯನ್ನಲ್ಲ, ಗಂಡನ ಅಧಿಕಾರವನ್ನು ಪರೀಕ್ಷಿಸಿ. 1979ರಲ್ಲಿ ಗಿಲ್ಬರ್ಟ್ ಮತ್ತು ಗೂಬರ್, ಗಂಡಸರ ಸಾಹಿತ್ಯದೊಳಗೆ ಸಿಕ್ಕಿಬಿದ್ದ ಬರಹಗಾರ್ತಿಯನ್ನೂ ಆ ಕಾಗದದ ಹಿಂದೆ ಕಂಡರು. ವಿದ್ವಾಂಸರ ಮಾತು, ಮೆಟ್ರಿಕ್ ಓದಿದ ನಮಗೂ ಒಪ್ಪಿಗೆಯೇ.

ಆದರೆ ಬಾಣಂತಿ ಮಹಡಿಯಲ್ಲಿದ್ದಾಗ ಕೂಸನ್ನು ನೋಡಿಕೊಂಡವರು ಯಾರು? ಮೇರಿ ಎಂಬವಳು. ಕತೆ ಅವಳಿಗೊಂದು ಒಳ್ಳೆ ಮಾತು ಹೇಳಿ ಮುಂದೆ ಸಾಗುತ್ತದೆ. ಅವಳು ಎಷ್ಟು ಹೊತ್ತಿಗೆ ಮಲಗಿದಳು, ಸಂಬಳವೆಷ್ಟು, ಅದೆಲ್ಲ ಇಲ್ಲ. ಒಬ್ಬಳಿಗೆ ದುಡಿಯಗೊಡದ ಶಿಕ್ಷೆ, ಇನ್ನೊಬ್ಬಳಿಗೆ ದುಡಿಮೆಯೇ ಬದುಕು. ಎರಡೂ ಒಂದೇ ಸೂರಿನಡಿ.

ದುಡಿಯುವವಳ ಕತೆಯನ್ನು ಅದಕ್ಕೂ ಮೊದಲೇ, 1861ರಲ್ಲಿ, ರೆಬೆಕಾ ಹಾರ್ಡಿಂಗ್ ಡೇವಿಸ್ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಹೆಸರು ಹಾಕದೆ ಬರೆದಿದ್ದರು. ಗೂನುಬೆನ್ನಿನ ಡೆಬೊರಾ ಹತ್ತಿ ಗಿರಣಿಯಲ್ಲಿ ದಿನವೆಲ್ಲ ದುಡಿದು, ರಾತ್ರಿ ಮಳೆಯಲ್ಲಿ ಕಬ್ಬಿಣದ ಕಾರ್ಖಾನೆಯ ಹ್ಯೂ ವುಲ್ಫನಿಗೆ ಬುತ್ತಿ ಹೊರುತ್ತಾಳೆ. ಅವನು ಕಬ್ಬಿಣ ಕರಗಿಸಿ ಉಳಿದ ಕಿಟ್ಟದಲ್ಲಿ ಹೆಣ್ಣಿನ ಮೂರ್ತಿ ಕಡೆದಿದ್ದಾನೆ. ನೋಡಲು ಬಂದ ದೊಡ್ಡವರು ಅರ್ಥವೇನೆಂದು ಕೇಳುತ್ತಾರೆ. ಅವಳಿಗೆ ಹಸಿವು, ಆದರೆ ಊಟದ ಹಸಿವಲ್ಲ ಎನ್ನುತ್ತಾನೆ.

ಈ ಕತೆಯನ್ನು ಟಿಲ್ಲಿ ಓಲ್ಸೆನ್ ಓದಿದ್ದು ಹದಿನೈದರ ವಯಸ್ಸಿನಲ್ಲಿ, ಓಮಾಹಾದ ಗುಜರಿ ಅಂಗಡಿಯಲ್ಲಿ ಕೊಂಡ ಹಳೆಯ ಸಂಪುಟದಲ್ಲಿ. 1972ರಲ್ಲಿ ಅದೇ ಪ್ರಕಾಶನ ಓಲ್ಸೆನ್ನರ ದೀರ್ಘ ಬರಹದೊಡನೆ ಅದನ್ನು ಮತ್ತೆ ಅಚ್ಚುಮಾಡಿತು. ಇದಕ್ಕೆ ಮೊದಲು, ನಾಲ್ಕು ಹೆಣ್ಣುಮಕ್ಕಳನ್ನು ಸಾಕುತ್ತ, ಸಿಕ್ಕ ಕೆಲಸ ಮಾಡುತ್ತ, ಓಲ್ಸೆನ್ನರ ಸ್ವಂತ ಬರವಣಿಗೆ ಸುಮಾರು ಇಪ್ಪತ್ತು ವರ್ಷ ನಿಂತೇ ಹೋಗಿತ್ತು. ಅವರ ಕೈಯಿಂದ ಲೇಖನಿ ಕಿತ್ತುಕೊಳ್ಳಲು ಯಾವ ಡಾಕ್ಟರೂ ಬರಬೇಕಾಗಲಿಲ್ಲ.