ಎತ್ತರಿಸಿದ ಗಾಡಿಗೆ ದೊಡ್ಡ ಟೈರು

ನಿಮ್ಮ ಮನೆಯ ಮುಂದೆ ಒಂದು ಪಿಕಪ್ ಗಾಡಿ ನಿಂತಿದೆ ಎಂದುಕೊಳ್ಳಿ. ಮಗನೋ ಅಳಿಯನೋ ಅದರ ಸ್ಪ್ರಿಂಗುಗಳನ್ನು ಬದಲಾಯಿಸಿ, ಎರಡು ಇಂಚು ಎತ್ತರಿಸಿಕೊಂಡು ತಂದಿದ್ದಾನೆ. ಈಗ ಹಳೆಯ ಟೈರುಗಳು ಅವನ ಕಣ್ಣಿಗೆ ಚಿಕ್ಕವಾಗಿ ಕಾಣುತ್ತವೆ. ದೊಡ್ಡಾಳಿಗೆ ಹುಡುಗನ ಮೆಟ್ಟು ತೊಡಿಸಿದ ಹಾಗೆ. “ಗಾಲಿ ಕಂಪನಿಯದೇ ಇರಲಿ, ಟೈರು ಮಾತ್ರ ದೊಡ್ಡದು ಹಾಕಿಸೋಣ. ಹೇಗೂ ಎತ್ತರಿಸಿದ್ದಾಗಿದೆ, ಜಾಗಕ್ಕೇನು ಬರವೇ?” ಎನ್ನುತ್ತಾನೆ. ಹಣ ಕೊಡುವವರು ನೀವು, ಆ ಗಾಡಿಯಲ್ಲಿ ಕೂತು ಘಟ್ಟ ಇಳಿಯುವವರೂ ನೀವೇ. ಆದುದರಿಂದ ಅವನ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ನೀವೂ ತಿಳಿದಿರುವುದು ಒಳ್ಳೆಯದು.

ಈ ಹವ್ಯಾಸದ ತವರು ಅಮೆರಿಕ. ಅಲ್ಲಿ ಪಿಕಪ್ ಎಂದರೆ ಸರಕು ಹೊರುವ ಬಂಡಿ ಮಾತ್ರವಲ್ಲ, ಸಂಸಾರದ ವಾಹನವೂ ಹೌದು. ಫೋರ್ಡ್ ಕಂಪನಿಯ ಎಫ್ ಸಾಲಿನ ಗಾಡಿಗಳು 1977ರಿಂದೀಚೆಗೆ ಆ ದೇಶದ ಟ್ರಕ್ ಮಾರಾಟದಲ್ಲಿ ಮೊದಲ ಸ್ಥಾನವನ್ನು ಹಿಡಿದುಕೊಂಡು ಬಂದಿವೆ. ಮರಳುಗಾಡು, ಕಲ್ಲುಬೆಟ್ಟ, ಹಿಮ ಇವುಗಳಲ್ಲಿ ಓಡಿಸುವವರು ಗಾಡಿಯನ್ನು ಎತ್ತರಿಸಿದರು. ಅವರನ್ನು ನೋಡಿ ಪೇಟೆಯವರೂ ಎತ್ತರಿಸಿದರು. ನಮ್ಮ ಮಲೆನಾಡಿನ ತೋಟದ ಜೀಪು, ಪಿಕಪ್ಪುಗಳಿಗೂ ಆ ಗಾಳಿ ತಗುಲಿದೆ. ಮಳೆಗಾಲದ ಕೆಸರು ಕಂಡವರು ಇದನ್ನು ಬರಿಯ ಶೋಕಿ ಎನ್ನಲಾರರು.

ಮೊದಲು ಟೈರಿನ ಪಕ್ಕೆಯ ಮೇಲಿನ ಬರಹವನ್ನು ಓದೋಣ. ಅದೊಂದು ಸಮಾಸವಿದ್ದಂತೆ, ಬಿಡಿಸಿದರೆ ಅರ್ಥ ತಾನಾಗಿ ಬರುತ್ತದೆ. 265/65 ಆರ್ 17 ಎಂದಿದ್ದರೆ, 265 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂಬುದು ಪಕ್ಕೆಯ ಎತ್ತರ, ಅಗಲದ ನೂರಕ್ಕೆ 65 ಪಾಲು. ಆರ್ ಎಂದರೆ ರೇಡಿಯಲ್. 17 ಎಂಬುದು ಟೈರು ಕೂರುವ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಒಂದೇ ಪದದಲ್ಲಿ ಮಿಲಿಮೀಟರೂ ಇಂಚೂ ಕೂಡಿದ ಈ ಅರಿಸಮಾಸವನ್ನು ಜಗತ್ತೆಲ್ಲ ಒಪ್ಪಿಕೊಂಡುಬಿಟ್ಟಿದೆ! ಗುಣಿಸಿ ಕೂಡಿದರೆ ಟೈರಿನ ಒಟ್ಟು ವ್ಯಾಸ 776 ಮಿಲಿಮೀಟರು. ಇದರ ಬದಲು 285/70 ಆರ್ 17 ಹಾಕಿದರೆ ವ್ಯಾಸ 831 ಆಗುತ್ತದೆ. ಹೆಚ್ಚಿದ್ದು 55 ಮಿಲಿಮೀಟರು. ಆದರೆ ಗಾಡಿ ಏರುವುದು ಅದರ ಅರ್ಧ ಮಾತ್ರ, ಅಂದರೆ ಒಂದು ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ಉಳಿದರ್ಧ ಅಚ್ಚಿನ ಮೇಲುಗಡೆ ಹೋಯಿತಲ್ಲ.

ಆ ಒಂದು ಇಂಚನ್ನು ಹಗುರಾಗಿ ಕಾಣಬೇಡಿ. ಸ್ಪ್ರಿಂಗು ಬದಲಿಸಿ ಎತ್ತರಿಸಿದಾಗ ಮೇಲೇಳುವುದು ಗಾಡಿಯ ಮೈ. ಹಿಂದಿನ ಅಚ್ಚಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ದಾರಿಯ ನಡುವಣ ಕಲ್ಲಿಗೆ ಮೊದಲು ಬಡಿಯುವುದು ಅದೇ. ಅದನ್ನು ನೆಲದಿಂದ ಮೇಲೆತ್ತಲು ದೊಡ್ಡ ಟೈರಲ್ಲದೆ ಸುಲಭವಾದ ದಾರಿಯಿಲ್ಲ. ಹುಡುಗನ ಆಸೆಯಲ್ಲಿ ಇಷ್ಟು ನ್ಯಾಯವುಂಟು.

ಇನ್ನು “ಜಾಗಕ್ಕೇನು ಬರ” ಎಂಬ ಮಾತು. ಎತ್ತರಿಸಿದ್ದರಿಂದ ಸಿಕ್ಕ ಜಾಗ ಟೈರಿನ ನೆತ್ತಿಯ ಮೇಲೆ. ಟೈರು ಉಜ್ಜುವುದಾದರೋ ಹೆಚ್ಚಾಗಿ ಪಕ್ಕಕ್ಕೆ, ಅದೂ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ. ಕಂಪನಿಯ ಗಾಲಿಯನ್ನು ಬಿಚ್ಚಿ ನೋಡಿ. ಬೋಲ್ಟು ಕೂರುವ ಮುಖ ಗಾಲಿಯ ನಟ್ಟನಡುವೆ ಇರುವುದಿಲ್ಲ, ಹೊರಮೈಯ ಕಡೆಗೆ ಸರಿದಿರುತ್ತದೆ. ಎಂದರೆ ಗಾಲಿಯ ಬಹುಪಾಲು ಒಳಕ್ಕೆ, ಗಾಡಿಯ ಹೊಟ್ಟೆಯ ಕಡೆಗೆ ಸೇರಿಕೊಂಡಿರುತ್ತದೆ. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಫೋರ್ಡ್ ಎಫ್-150ರ ಹಲವು ಗಾಲಿಗಳಲ್ಲಿ ಇದು 44 ಮಿಲಿಮೀಟರು. ಹೀಗೆ ಒಳಸೇರಿದ ಗಾಲಿಗೆ 20 ಮಿಲಿಮೀಟರು ಅಗಲ ಹೆಚ್ಚಿರುವ ಟೈರು ಹಾಕಿದರೆ 10 ಹೊರಕ್ಕೆ ಬಂದರೆ 10 ಒಳಕ್ಕೆ ಹೋಗುತ್ತದೆ. ಅಲ್ಲಿ ಚಾಸಿಯೂ ಸಸ್ಪೆನ್ಷನ್ನಿನ ಮೇಲಿನ ತೋಳೂ ಕಾದಿರುತ್ತವೆ. ಗಾಡಿಯನ್ನು ಎಷ್ಟು ಎತ್ತರಿಸಿದರೂ ಈ ಒಳಗಿನ ಸಂದು ಅಗಲವಾಗದು. ನೆತ್ತಿಯ ಮೇಲಿನ ಜಾಗವನ್ನಾದರೂ ಪೂರ್ತಿ ನಂಬುವಂತಿಲ್ಲ. ದೊಡ್ಡ ಗುಂಡಿಗೆ ಬಿದ್ದು ಸ್ಪ್ರಿಂಗು ಪೂರಾ ಅಮುಕಿದಾಗ ಗಾಲಿ ಮೊದಲು ಏರುತ್ತಿದ್ದಷ್ಟೇ ಎತ್ತರಕ್ಕೆ ಏರುತ್ತದೆ.

ಹಾಗಾದರೆ ಹೊರಕ್ಕೆ ಚಾಚುವ ಬೇರೆ ಗಾಲಿ ಹಾಕಿಸಬಹುದಲ್ಲ ಎನ್ನುವಿರಿ. ಹಾಕಿಸಬಹುದು. ಒಳಗಡೆ ಉಜ್ಜುವುದು ನಿಂತು ಮಡ್‌ಗಾರ್ಡಿನ ಅಂಚಿಗೆ ಉಜ್ಜಲು ತೊಡಗುತ್ತದೆ. ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ. ಸ್ಟೀರಿಂಗು ಗುಂಡಿ ಗುಂಡಿಗೂ ಕೈಯನ್ನು ಎಳೆಯುತ್ತದೆ. ಕಂಪನಿಯ ಗಾಲಿಯನ್ನೇ ಉಳಿಸಿಕೊಳ್ಳುವ ಯೋಚನೆ ನನ್ನ ಮಟ್ಟಿಗೆ ವಿವೇಕದ್ದೇ. ಆದರೆ ಆ ಗಾಲಿ ಒಪ್ಪುವ ಟೈರಿಗೆ ಒಂದು ಮೇರೆಯುಂಟು.

ಎತ್ತಿನ ಗಾಡಿಯ ಗಾಲಿಗೆ ಕಮ್ಮಾರ ಕಬ್ಬಿಣದ ಪಟ್ಟಿ ಕಟ್ಟುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಪಟ್ಟಿಯನ್ನು ಗಾಲಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹೊಯ್ದು ಬಿಗಿಯುತ್ತಿದ್ದ. ಅಳತೆ ತಪ್ಪಿದರೆ ಅರಗಳು ಸಡಿಲವಾಗುತ್ತಿದ್ದುವು, ಇಲ್ಲವೆ ಮುರಿಯುತ್ತಿದ್ದುವು. ಇಲ್ಲಿಯೂ ಹಾಗೆಯೇ, ವ್ಯಾಸವೊಂದು ಸರಿಹೊಂದಿದರೆ ಸಾಲದು, ರಿಮ್ಮಿನ ಅಗಲವೂ ಹೊಂದಬೇಕು. 285/70 ಆರ್ 17 ಟೈರಿಗೆ ರಿಮ್ಮು 7.5ರಿಂದ 9.5 ಇಂಚು ಅಗಲವಿರಬೇಕೆಂದು ನಿಯಮ. ಬಹಳ ಪಿಕಪ್ಪುಗಳ ರಿಮ್ಮು 7.5 ಇಂಚಿನದು, ಅಂತೂ ಹೊಸಿಲ ಮೇಲೆ ನಿಂತ ಹಾಗೆ ಹೊಂದಿತು. ಹುಡುಗರು ಬಾಯಿ ಬಿಡುವ 35 ಇಂಚಿನ, 12.50 ಇಂಚು ಅಗಲದ ಟೈರಿಗೆ 8.5 ಇಂಚಿಗೆ ಕಡಮೆಯ ರಿಮ್ಮು ಸಲ್ಲದು. ಕೂರಿಸಿದರೆ ಕೂರುತ್ತದೆ, ನಿಜ. ಆದರೆ ಬಾಯಿ ಕಿರಿದಾದ ಚೀಲದಂತೆ ಪಕ್ಕೆಗಳು ಒಳಕ್ಕೆ ಸೆಳೆದುಕೊಂಡು ನಡು ಉಬ್ಬುತ್ತದೆ, ಟೈರು ನಡುವೆ ಮಾತ್ರ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಗಾಳಿ ಕಡಮೆಯಿದ್ದಾಗ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವ ಭಯವೂ ಇದೆ.

ನನಗೆ ಇದೆಲ್ಲಕ್ಕಿಂತ ದೊಡ್ಡ ಚಿಂತೆ ಬ್ರೇಕಿನದು. 776ರ ಬದಲು 831 ಎಂದರೆ ನೂರಕ್ಕೆ ಏಳು ಹೆಚ್ಚು. ವೇಗಮಾಪಕ ಗಾಲಿಯ ಸುತ್ತುಗಳನ್ನೆಣಿಸಿ ವೇಗ ಹೇಳುತ್ತದೆ. ಆದುದರಿಂದ ಹಳೆಯ ಟೈರಿನಲ್ಲಿ ಅದು ಸರಿಯಾಗಿ 60 ತೋರಿಸುತ್ತಿದ್ದರೆ, ಈಗ ಅದೇ 60ಕ್ಕೆ ಗಾಡಿ 64ರಲ್ಲಿ ಓಡುತ್ತಿರುತ್ತದೆ. ಬ್ರೇಕಿನ ತಟ್ಟೆ ಮೊದಲಿನದೇ, ಹಿಡಿತವೂ ಮೊದಲಿನದೇ. ಗಾಲಿಯ ತ್ರಿಜ್ಯ ಬೆಳೆದದ್ದರಿಂದ ಅದೇ ಹಿಡಿತ ರಸ್ತೆಯನ್ನು ಮುಟ್ಟುವಾಗ ನೂರಕ್ಕೆ ಆರೂವರೆ ಪಾಲು ಕಳೆದುಕೊಳ್ಳುತ್ತದೆ. ಟೈರಿನ ತೂಕವೂ ಹೆಚ್ಚು, ಗಾಡಿಯ ತಲೆಭಾರವೂ ಹೆಚ್ಚು. ಚಾರ್ಮಾಡಿ ಘಟ್ಟವನ್ನು ಸರಕು ತುಂಬಿಕೊಂಡು ಇಳಿಯುವಾಗ ಇವೆಲ್ಲ ಒಟ್ಟಿಗೇ ಲೆಕ್ಕಕ್ಕೆ ಬರುತ್ತವೆ. ಹತ್ತುವಾಗಲೂ ಎಂಜಿನ್ನು ಏದುತ್ತದೆ. ಅಮೆರಿಕದವರು ಇದಕ್ಕೆ ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳನ್ನೇ ಬದಲಿಸುತ್ತಾರೆ. ಅದರ ಖರ್ಚನ್ನು ಟೈರಿನ ಅಂಗಡಿಯವನು ಹೇಳುವುದಿಲ್ಲ.

ನಮ್ಮ ದೇಶದಲ್ಲಿ ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಎತ್ತರಿಸಿಯಾದ ಮೇಲೆ ಕೇಳುವುದಕ್ಕಿಂತ, ಮೊದಲೇ ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿಬಿಡಿ.

ಇಷ್ಟೂ ಕೇಳಿದ ಮೇಲೂ ಹಾಕಿಸುವುದೇ ಸರಿಯೆಂದು ತೋರಿದರೆ, ಮೊದಲು ಒಂದೇ ಟೈರನ್ನು ಹಾಕಿಸಿ, ಆ ಗಾಲಿಯನ್ನು ದಿಣ್ಣೆಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಮುಟ್ಟ ತಿರುಗಿಸಿ ನೋಡಲಿ. ಟೈರಿನ ಭಾರದ ಅಂಕೆಯನ್ನೂ ಓದಲಿ. 112 ಎಂದಿದ್ದರೆ ಒಂದು ಟೈರು 1,120 ಕಿಲೋ ಹೊರಬಲ್ಲದು, 100 ಎಂದರೆ 800 ಮಾತ್ರ. ಹಳೆಯದಕ್ಕಿಂತ ಕಡಮೆಯ ಅಂಕೆ ಕೂಡದು. ಗಾಳಿ ಸರಿಯಾಗಿದೆಯೆ ಎಂದು ತಿಳಿಯಲು ನಮ್ಮ ಕಸುಬಿನ ಸೀಮೆಸುಣ್ಣವೇ ಸಾಕು. ನೆಲ ಮುಟ್ಟುವ ಮೈಗೆ ಅಡ್ಡಲಾಗಿ ದಪ್ಪನೆಯ ಗೆರೆಯೆಳೆದು, ನೇರವಾದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಮೆ.

ಕೊನೆಗೆ, ಐದನೆಯ ಗಾಲಿಯನ್ನು ಮರೆಯಬೇಡಿ. ನಾಲ್ಕು ದೊಡ್ಡ ಟೈರು ಕೊಂಡು ಸ್ಟೆಪ್ನಿಗೆ ಹಳೆಯದನ್ನೇ ಉಳಿಸಿಕೊಂಡರೆ, ಪಂಕ್ಚರಾದ ದಿನ ಒಂದು ಕಾಲು ಗಿಡ್ಡವಾದ ಗಾಡಿ ಓಡಿಸಬೇಕಾಗುತ್ತದೆ. ಆ ಸ್ಥಿತಿಯಲ್ಲಿ ನಾಲ್ಕು ಚಕ್ರದ ಚಾಲನೆಯನ್ನು ಹಾಕಿದರೆ ಗೇರುಗಳು ತಮ್ಮತಮ್ಮೊಳಗೇ ಜಗ್ಗಾಡಿ ಕೆಡುತ್ತವೆ. ಹಾಸಿನ ಅಡಿಯಲ್ಲಿ ಸ್ಟೆಪ್ನಿಗೆಂದು ಬಿಟ್ಟಿರುವ ಜಾಗವನ್ನು ಅಂಗಡಿಗೆ ಹೋಗುವ ಮೊದಲೇ ಅಳೆದುಕೊಳ್ಳಿ. ದೊಡ್ಡ ಟೈರು ಅಲ್ಲಿ ಹಿಡಿಸದೆ ಹೋಗಬಹುದು.